ದೇವರ ಪರವಾಗಿ ಸುಳ್ಳು ಬೇಡ

ಯೌವನಸ್ಥರ ಸಂಜೆ ಕೂಟದ ಸಂದೇಶ, ಬರಹ ರೂಪದಲ್ಲಿ
ವಾಕ್ಯಭಾಗ: ಯೋಬನು 13:1–12, 42:7–9
ಜೊತೆಗೆ ಓದಿ: ಲೂಕ 12:54–56, ಆದಿಕಾಂಡ 41

ಕೂತ್ಕೊಳ್ಳಿ. ಇವತ್ತು ನಾನು ಜೋರಾಗಿ ಮಾತಾಡಲ್ಲ. ಯಾಕಂದ್ರೆ ಈ ಸಂದೇಶ ಮೊದಲು ನನಗೇ ಬಂದಿದ್ದು. ನಿಮಗೆ ಕೊಡೋ ಮುಂಚೆ ಮೂರು ವಾರ ಅದು ನನ್ನನ್ನು ನಿದ್ದೆ ಮಾಡೋಕೆ ಬಿಟ್ಟಿಲ್ಲ.

1. ಬಂದಳಿಕೆಯಲ್ಲಿ ಒಂದು ಪ್ರಶ್ನೆ

ಕಳೆದ ತಿಂಗಳು ನಾವು ಶಿವಮೊಗ್ಗ ಕಡೆ ಕೂಟಕ್ಕೆ ಹೋಗಿದ್ದು ನಿಮಗೆ ಗೊತ್ತು. ನನ್ನ ಹುಟ್ಟೂರು ಸೊರಬ ತಾಲ್ಲೂಕಿನ ಒಂದು ಹಳ್ಳಿ. ವಾಪಸ್ ಬರೋವಾಗ ಎಲ್ಲರಿಗೂ ಬಂದಳಿಕೆ ತೋರಿಸೋಣ ಅಂತ ಟಿಟಿ ತಿರುಗಿಸಿದೆ. ಶಿಕಾರಿಪುರ ತಾಲ್ಲೂಕಿಗೆ ಸೇರಿದ ಜಾಗ ಅದು. ಒಂದು ಕಾಲಕ್ಕೆ ನಾಗರಖಂಡ ಎಂಬ ನಾಡಿನ ದೊಡ್ಡ ಊರು. ಈಗ ಊರಿಲ್ಲ. ಗಿಡಮರಗಳ ನಡುವೆ ಶಾಂತಿನಾಥ ಬಸದಿ, ಸೋಮೇಶ್ವರ ದೇವಸ್ಥಾನ, ತ್ರಿಮೂರ್ತಿ ನಾರಾಯಣ ದೇವಸ್ಥಾನ, ಹಳೆಯ ಶಾಸನದ ಕಲ್ಲುಗಳು, ಇಷ್ಟೇ ಉಳಿದಿವೆ.

ಅಲ್ಲಿ ನಿಂತು ನಾನು ಗೈಡ್ ಥರ ಶುರು ಮಾಡಿದೆ. "ಸುಮಾರು 1,100 ವರ್ಷದ ಹಿಂದೆ, ರಾಷ್ಟ್ರಕೂಟರ ಕಾಲದಲ್ಲಿ, ಜಕ್ಕಿಯಬ್ಬೆ ಎಂಬ ಹೆಣ್ಣುಮಗಳು ಈ ನಾಡನ್ನು ಆಳಿದಳು. ಗಂಡ ನಾಳ್ಗಾವುಂಡನಾಗಿದ್ದ, ತೀರಿಕೊಂಡ. ಅರಸ ಆ ಅಧಿಕಾರವನ್ನು ಅವಳಿಗೇ ಕೊಟ್ಟ. ಕೊನೆಗೆ ಕಾಯಿಲೆ ಬಿದ್ದಾಗ ಮಗಳಿಗೆ ಜವಾಬ್ದಾರಿ ಒಪ್ಪಿಸಿ, ಇಲ್ಲಿಗೆ ಬಂದು, ಜೈನರ ಪದ್ಧತಿಯಂತೆ ಉಪವಾಸದಿಂದ ಪ್ರಾಣ ಬಿಟ್ಟಳು." ಎಲ್ಲರೂ ಬಾಯಿ ಬಿಟ್ಟು ಕೇಳ್ತಿದ್ರು. ನನಗೂ ಖುಷಿ.

ಇನ್ನೊಂದು ಮಾತೂ ಸೇರಿಸಿದೆ. ಈ ಭಾಗದ ಶಾಸನಗಳನ್ನು ಓದಿಸಿ 1902ರಲ್ಲಿ ಅಚ್ಚು ಹಾಕಿಸಿದವರು ಬಿ. ಎಲ್. ರೈಸ್. ಮಿಷನರಿಯ ಮಗ, ಹುಟ್ಟಿದ್ದು ಬೆಂಗಳೂರಲ್ಲೇ. ನೀವು ಅವೆನ್ಯೂ ರೋಡಲ್ಲಿ ಪುಸ್ತಕ ತಗೊಳ್ಳೋಕೆ ಹೋದಾಗ ರೈಸ್ ಮೆಮೋರಿಯಲ್ ಚರ್ಚ್ ನೋಡಿರ್ತೀರಲ್ಲ, ಅದು ಅವರ ತಂದೆಯ ನೆನಪಿಗೆ. "ನೋಡಿ, ಕರ್ನಾಟಕದ ಕಲ್ಲುಗಳನ್ನು ಮಾತಾಡಿಸಿದವರು ಒಬ್ಬ ವಿಶ್ವಾಸಿಯ ಮನೆಯಿಂದ ಬಂದವರು" ಅಂತ ಎದೆ ಉಬ್ಬಿಸಿ ಹೇಳಿದೆ.

ಆಗ ಪಿಯುಸಿ ಓದೋ ಒಬ್ಬ ತಮ್ಮ ಕೈ ಎತ್ತಿದ. ಗೇಲಿ ಮಾಡೋಕೆ ಅಲ್ಲ, ನಿಜವಾಗಿಯೂ ತಿಳ್ಕೊಳ್ಳೋಕೆ.

"ಬ್ರದರ್, ಜಕ್ಕಿಯಬ್ಬೆಯನ್ನು ನೀವು ನೋಡಿದ್ದೀರಾ?"

"ಇಲ್ಲಪ್ಪ, ಯಾರು ನೋಡಿರ್ತಾರೆ? ಶಾಸನ ಇದೆ. ಅಕ್ಷರದ ರೂಪ ನೋಡಿ ಕಾಲ ಹೇಳಬಹುದು. ಅರಸನ ಹೆಸರು ಬೇರೆ ಊರಿನ ಶಾಸನಗಳಿಗೂ ಹೊಂದುತ್ತೆ. ಹಾಗೆ ಗೊತ್ತಾಗುತ್ತೆ."

"ಮತ್ತೆ ಹೋದ ವರ್ಷ ಕ್ಯಾಂಪಲ್ಲಿ ಆ ಅಕ್ಕನಿಗೆ, ಲಕ್ಷಾಂತರ ವರ್ಷದ ಹಿಂದೆ ನಡೆದಿದ್ದನ್ನ ನೀನು ನೋಡಿದ್ದೀಯಾ, ನೋಡದೆ ಇದ್ದಿದ್ದನ್ನ ನಂಬ್ತೀಯಾ ಅಂತ ಕೇಳಿದ್ರಲ್ಲ?"

ಪ್ರಿಯರೇ, ಆ ಬಿಸಿಲಲ್ಲಿ ನನಗೆ ಉತ್ತರ ಸಿಗಲಿಲ್ಲ. "ಬನ್ನಿ, ಲೇಟಾಯ್ತು" ಅಂತ ಎಲ್ಲರನ್ನೂ ಗಾಡಿ ಹತ್ತಿಸಿದೆ.

2. ಆ ಕ್ಯಾಂಪಲ್ಲಿ ನಾನು ಮಾಡಿದ್ದು

ಆ ಸಿಸ್ಟರ್ ಬಿಎಸ್ಸಿ ಓದ್ತಿದ್ದಳು. ಅವಳ ಅನುಮತಿ ತಗೊಂಡೇ ಇದನ್ನು ಹೇಳ್ತಿದ್ದೀನಿ, ಹೆಸರು ಬೇಡ. ಕ್ಯಾಂಪಲ್ಲಿ ನಾನು "ವಿಜ್ಞಾನದ ಮೋಸ" ಅಂತ ಒಂದು ಪಾಠ ತಗೊಂಡಿದ್ದೆ. ಅದರಲ್ಲಿ ಎರಡು ಕಥೆ ಹೇಳಿದೆ.

ಒಂದು: ನಾಸಾ ವಿಜ್ಞಾನಿಗಳು ಕಂಪ್ಯೂಟರಿನಲ್ಲಿ ಗ್ರಹಗಳ ಲೆಕ್ಕ ಹಾಕಿದಾಗ ಒಂದು ದಿನ ಕಡಿಮೆ ಬಂತು, ಯೆಹೋಶುವನ ಕಾಲದಲ್ಲಿ ಸೂರ್ಯ ನಿಂತದ್ದು ಹೀಗೆ ಸಾಬೀತಾಯಿತು ಎಂಬ ಕಥೆ. ಎರಡು: ಡಾರ್ವಿನ್ ಸಾಯುವಾಗ ತನ್ನ ಸಿದ್ಧಾಂತ ಬಿಟ್ಟು ಯೇಸುವಿನ ಕಡೆ ತಿರುಗಿದ ಎಂಬ ಕಥೆ. ಎರಡೂ ನನಗೆ ವಾಟ್ಸಾಪಲ್ಲಿ ಬಂದಿದ್ದವು. ಬೈಬಲ್ ಕಾಲೇಜಲ್ಲಿ ಡಿಪ್ಲೊಮಾ ಮಾಡುವಾಗಲೂ ಯಾರೋ ಹೇಳಿದ್ದು ಕೇಳಿದ್ದೆ. ಹೇಳಿದ ಕೂಡಲೇ ಎಲ್ಲರೂ "ಹಲ್ಲೆಲೂಯಾ" ಅಂದ್ರು. ಆ ಹಲ್ಲೆಲೂಯಾ ಕೇಳೋಕೆ ನನಗೂ ಇಷ್ಟವಾಯಿತು, ಒಪ್ಪಿಕೊಳ್ತೀನಿ.

ಆಗ ಆ ಸಿಸ್ಟರ್ ಎದ್ದು ಬಹಳ ಮರ್ಯಾದೆಯಿಂದ ಕೇಳಿದಳು: "ಬ್ರದರ್, ನಾಯಿ, ದನ, ಮೇಕೆ ತಮ್ಮ ದೇಹದಲ್ಲೇ ವಿಟಮಿನ್ ಸಿ ತಯಾರಿಸಿಕೊಳ್ತವೆ. ನಮಗೆ ಆಗಲ್ಲ, ಮಂಗಗಳಿಗೂ ಆಗಲ್ಲ. ಆ ಕೆಲಸ ಮಾಡೋ ಜೀನ್ ನಮ್ಮೊಳಗೆ ಇದೆ, ಆದರೆ ಕೆಟ್ಟು ನಿಂತಿದೆ. ಮಂಗಗಳಲ್ಲೂ ಅದೇ ಜೀನ್ ಕೆಟ್ಟಿದೆ. ಇದನ್ನ ನಾವು ಹೇಗೆ ಅರ್ಥ ಮಾಡ್ಕೋಬೇಕು?"

ನನಗೆ ಗೊತ್ತಿರಲಿಲ್ಲ. "ಗೊತ್ತಿಲ್ಲಮ್ಮ, ಓದಿ ಹೇಳ್ತೀನಿ" ಅಂದಿದ್ರೆ ಮುಗಿದುಹೋಗ್ತಿತ್ತು. ಅದರ ಬದಲು "ನೀನು ಅಲ್ಲಿದ್ದು ನೋಡಿದ್ದೀಯಾ?" ಅಂತ ಕೇಳಿದೆ. ಎಲ್ಲರೂ ನಕ್ಕರು. ಅಷ್ಟಕ್ಕೇ ನಿಲ್ಲಿಸಲಿಲ್ಲ. "ಕಾಲೇಜು ಡಿಗ್ರಿ ಕೊಡುತ್ತೆ, ವಿಶ್ವಾಸ ಕದಿಯುತ್ತೆ, ಹುಷಾರು" ಅಂದೆ. ಅವಳು ಕೂತಳು. ಮುಂದಿನ ಭಾನುವಾರ ಬರಲಿಲ್ಲ. ಆಮೇಲೂ ಬರಲಿಲ್ಲ. ಒಂದು ವರ್ಷ ನಾನು "ಲೋಕ ಅವಳನ್ನ ಎಳ್ಕೊಂಡು ಹೋಯ್ತು" ಅಂತ ಪ್ರಾರ್ಥನೆ ಮಾಡ್ತಿದ್ದೆ. ಅವಳನ್ನು ಲೋಕ ಎಳೆದುಕೊಂಡು ಹೋಗಲಿಲ್ಲ. ನಾನು ತಳ್ಳಿದೆ.

ಈಗ ಆ ಎರಡು ಕಥೆಗಳ ವಿಷಯ ಕೇಳಿ. ನಾಸಾ ಶುರುವಾಗಿದ್ದು 1958ರಲ್ಲಿ. ಆದರೆ ಕಾಣೆಯಾದ ದಿನದ ಇದೇ ಕಥೆಯ ಹಳೆಯ ರೂಪ 1890ರಷ್ಟು ಹಿಂದೆಯೇ ಅಮೆರಿಕದಲ್ಲಿ ಪುಸ್ತಕವಾಗಿ ಬಂದಿತ್ತು. ಆಗ ಕಂಪ್ಯೂಟರೂ ಇಲ್ಲ, ನಾಸಾನೂ ಇಲ್ಲ. ಕಥೆಗೆ ಆಮೇಲೆ ಹೊಸ ಅಂಗಿ ತೊಡಿಸಿದರು. ಇನ್ನು ಡಾರ್ವಿನ್ ತೀರಿಕೊಂಡದ್ದು 1882ರಲ್ಲಿ. ಮರಣಶಯ್ಯೆಯ ಕಥೆ ಅಚ್ಚಾದದ್ದು 1915ರಲ್ಲಿ, 33 ವರ್ಷದ ನಂತರ. ಕೊನೆಗಾಲದಲ್ಲಿ ತಂದೆಯ ಪಕ್ಕದಲ್ಲಿದ್ದ ಮಗಳು ಹೆನ್ರಿಯೆಟ್ಟಾ 1922ರಲ್ಲಿ ಒಂದು ಕ್ರೈಸ್ತ ಪತ್ರಿಕೆಗೇ ಬರೆದು ತಿಳಿಸಿದಳು: ಆ ಕಥೆ ಹೇಳಿದ ಮಹಿಳೆ ಆಗ ಅಲ್ಲಿ ಇರಲೇ ಇಲ್ಲ. ನೂರು ವರ್ಷದ ಹಿಂದೆಯೇ ಮುಗಿದ ವಿಷಯ. ನಾನು ಅದನ್ನು ಪುಲ್ಪಿಟ್ಟಿನಿಂದ ಹೇಳಿದೆ, ಕೈಯಲ್ಲಿ ಬೈಬಲ್ ಹಿಡಿದು.

ವಿಮೋಚನಕಾಂಡ 20:16 ನಿಮಗೆ ಬಾಯಿಪಾಠ. ಸುಳ್ಳು ಸಾಕ್ಷಿ ಹೇಳಬಾರದು ಎಂಬ ಆಜ್ಞೆಯಲ್ಲಿ "ದೇವರ ಮಹಿಮೆಗಾಗಿ ಆದರೆ ಪರವಾಗಿಲ್ಲ" ಅಂತ ಎಲ್ಲೂ ಬರೆದಿಲ್ಲ.

3. ಯೋಬನ ಗೆಳೆಯರ ಪಾಪ

ಈಗ ಯೋಬನು 13ನೇ ಅಧ್ಯಾಯ ತೆಗೆಯಿರಿ. ಏಳನೇ ವಚನದ ಮೇಲೆ ಬೆರಳಿಡಿ. ಯೋಬ ತನ್ನ ಗೆಳೆಯರನ್ನು ಕೇಳ್ತಾನೆ: ದೇವರ ಪಕ್ಷ ವಹಿಸಿ ಮಾತಾಡ್ತೀವಿ ಅಂತ ನೀವು ಸುಳ್ಳನ್ನು ಬಳಸ್ತೀರಾ? ಆತನ ಪರವಾಗಿ ಮೋಸದ ಮಾತು ಆಡ್ತೀರಾ?

ಆ ಮೂವರು ನಾಸ್ತಿಕರಲ್ಲ. ಭಕ್ತರು. ದೇವರು ನ್ಯಾಯವಂತ ಅಂತ ವಾದಿಸೋಕೆ ಬಂದವರು. ಆದರೆ ಆ ವಾದ ಗೆಲ್ಲಬೇಕಾದ್ರೆ ಕಣ್ಣಮುಂದೆ ಇದ್ದ ಸತ್ಯವನ್ನು ಬಗ್ಗಿಸಬೇಕಿತ್ತು. ಯೋಬ ತಪ್ಪು ಮಾಡಿದ್ದಾನೆ ಅನ್ನೋಕೆ ಒಂದೂ ಸಾಕ್ಷಿ ಇಲ್ಲ. ಆದರೂ ಮಾಡಿರಲೇಬೇಕು ಅಂದ್ರು. ತಮ್ಮ ಉಪದೇಶಕ್ಕೆ ಸರಿಹೊಂದಬೇಕಲ್ಲ!

ಕೊನೆಯಲ್ಲಿ, 42:7ರಲ್ಲಿ, ದೇವರಿಗೆ ಕೋಪ ಬಂದದ್ದು ಯಾರ ಮೇಲೆ? ಪ್ರಶ್ನೆ ಕೇಳಿದ ಯೋಬನ ಮೇಲಲ್ಲ. ತನ್ನ ಪರ ವಕಾಲತ್ತು ಮಾಡಿದ ಆ ಮೂವರ ಮೇಲೆ. ಅವರಿಗಾಗಿ ಪ್ರಾರ್ಥಿಸಬೇಕಾದವನು ಯಾರು? ಅವರು ಅಪವಾದ ಹೊರಿಸಿದ ಯೋಬನೇ. ಯಾರಾದ್ರೂ ಆಮೆನ್ ಹೇಳ್ತೀರಾ? ನನಗೂ ಹೇಳೋಕೆ ಕಷ್ಟವಾಯ್ತು.

ಸುಮಾರು 1,600 ವರ್ಷದ ಹಿಂದೆ ಉತ್ತರ ಆಫ್ರಿಕಾದ ಬಿಷಪ್ ಅಗಸ್ಟಿನ್ ಆದಿಕಾಂಡದ ಬಗ್ಗೆ ಬರೆಯುವಾಗ ಇದೇ ಎಚ್ಚರಿಕೆ ಕೊಟ್ಟಿದ್ದರು. ಭೂಮಿ, ಆಕಾಶ, ಪ್ರಾಣಿಗಳ ವಿಷಯ ಅವಿಶ್ವಾಸಿಗೂ ಸ್ಪಷ್ಟವಾಗಿ ಗೊತ್ತಿರುತ್ತೆ; ಅಂಥದ್ದರಲ್ಲಿ ಕ್ರೈಸ್ತನೊಬ್ಬ ಬೈಬಲ್ ಹೆಸರಲ್ಲಿ ಅಸಂಬದ್ಧ ಮಾತಾಡಿದರೆ, ಪುನರುತ್ಥಾನದ ಬಗ್ಗೆ ಹೇಳಿದಾಗ ಅವನನ್ನು ಯಾರು ನಂಬುತ್ತಾರೆ ಅನ್ನೋದು ಅವರ ಪ್ರಶ್ನೆ. ಡಾರ್ವಿನ್ ಹುಟ್ಟುವುದಕ್ಕೆ 1,400 ವರ್ಷ ಮೊದಲು!

4. ಹಾಗಾದ್ರೆ ವಿಕಾಸವಾದ ಹೇಳೋದೇನು?

"ಬ್ರದರ್ ಈಗ ಮಂಗನಿಂದ ಮನುಷ್ಯ ಬಂದ ಅಂತ ಉಪದೇಶ ಮಾಡ್ತಾರಾ?" ಅಂತ ಹಿಂದಿನ ಸಾಲಲ್ಲಿ ಯಾರೋ ಪಿಸುಗುಟ್ಟಿದ ಹಾಗಾಯ್ತು. ಮೊದಲು ಒಂದು ವಿಷಯ. ಈಗ ಮರದ ಮೇಲಿರೋ ಮಂಗ ನಮ್ಮ ತಾತ ಅಂತ ಯಾವ ಜೀವವಿಜ್ಞಾನಿಯೂ ಹೇಳಲ್ಲ. ಮಂಗಕ್ಕೂ ನಮಗೂ ಬಹಳ ಹಿಂದೆ ಒಂದೇ ಪೂರ್ವಜ ಇತ್ತು ಅಂತ ಅವರು ಹೇಳೋದು. ನಿಮ್ಮ ಚಿಕ್ಕಪ್ಪನ ಮಗ ನಿಮ್ಮ ಅಪ್ಪ ಅಲ್ಲ, ಆದರೆ ಇಬ್ಬರಿಗೂ ಅಜ್ಜ ಒಬ್ಬನೇ. ನಾವು ಎದುರಾಳಿ ಹೇಳದೇ ಇರೋ ಮಾತನ್ನು ಅವನ ಬಾಯಿಗೆ ತುರುಕಿ, ಅದಕ್ಕೆ ಉತ್ತರ ಕೊಟ್ಟು, ಚಪ್ಪಾಳೆ ಹೊಡೆಸಿಕೊಂಡಿದ್ದೀವಿ.

ಎರಡನೇದು, "ಅದು ಬರೀ ಥಿಯರಿ" ಅನ್ನೋ ಮಾತು. ನಾವು ಥಿಯರಿ ಅಂದ್ರೆ ಊಹೆ ಅಂದ್ಕೊಳ್ತೀವಿ. ವಿಜ್ಞಾನದಲ್ಲಿ ಸಿದ್ಧಾಂತ ಅಂದ್ರೆ ಮತ್ತೆ ಮತ್ತೆ ಪರೀಕ್ಷೆಗೆ ನಿಂತ ವಿವರಣೆ. ರೋಗಾಣುವಿನಿಂದ ಕಾಯಿಲೆ ಬರುತ್ತೆ ಅನ್ನೋದೂ ಒಂದು ಸಿದ್ಧಾಂತವೇ. ಅದು ಬರೀ ಥಿಯರಿ ಅಂತ ಯಾರೂ ಚರಂಡಿ ನೀರು ಕುಡಿಯಲ್ಲ.

ಮೂರನೇದು, ಆ ಸಿಸ್ಟರ್ ಕೇಳಿದ ಜೀನ್ ವಿಷಯ. ಆಮೇಲೆ ನಾನು ಓದಿದೆ. ಪರೀಕ್ಷೆಯಲ್ಲಿ ಇಬ್ಬರು ಒಂದೇ ಸರಿ ಉತ್ತರ ಬರೆದರೆ ಟೀಚರಿಗೆ ಅನುಮಾನ ಬರಲ್ಲ. ಇಬ್ಬರೂ ಒಂದೇ ಜಾಗದಲ್ಲಿ ಒಂದೇ ಥರ ತಪ್ಪು ಮಾಡಿದ್ರೆ? ಇಬ್ಬರ ಹಿಂದೆ ಒಂದೇ ಮೂಲ ಇದೆ ಅಂತ ಗೊತ್ತಾಗುತ್ತೆ. ಕಲ್ಲಿನ ಶಾಸನ ಓದೋರೂ ಹೀಗೇ ಯೋಚನೆ ಮಾಡ್ತಾರೆ. ನಮ್ಮ ದೇಹದೊಳಗೂ ಒಂದು ಶಾಸನ ಇದೆ. ಅದನ್ನು ಓದೋಕೆ ಕಲಿತವರು ಏನು ಓದಿದ್ರು ಅಂತ ಪ್ರಾಮಾಣಿಕವಾಗಿ ಕೇಳಿಸ್ಕೊಳ್ಳಬೇಕು. ಮನುಷ್ಯನ ಜೀನುಗಳನ್ನೆಲ್ಲ ಓದಿ 2003ರಲ್ಲಿ ಮುಗಿಸಿದ ದೊಡ್ಡ ಯೋಜನೆಯ ಮುಂದಾಳು ಫ್ರಾನ್ಸಿಸ್ ಕಾಲಿನ್ಸ್. ಅವರು ಯೇಸುವನ್ನು ನಂಬಿದವರು, ಬಹಿರಂಗವಾಗಿ ಸಾಕ್ಷಿ ಹೇಳುವವರು. ವಿಕಾಸವನ್ನೂ ಒಪ್ಪುವವರು.

ಕಾಲದ ವಿಷಯಕ್ಕೂ ದೂರ ಹೋಗಬೇಕಿಲ್ಲ. ನೀವು ಸೆಲ್ಫಿ ತೆಗೆಯೋ ಲಾಲ್‌ಬಾಗ್ ಬಂಡೆ, ಮೇಲೆ ಕೆಂಪೇಗೌಡರ ಗೋಪುರ ಇದೆಯಲ್ಲ, ಅದರ ವಯಸ್ಸು ಸುಮಾರು 300 ಕೋಟಿ ವರ್ಷ ಅಂತ ಭೂವಿಜ್ಞಾನಿಗಳು ಹೇಳ್ತಾರೆ.

ನನ್ನ ನಿಲುವು ಏನು ಅಂತ ಕೇಳ್ತೀರಿ. ದೇವರೇ ಸೃಷ್ಟಿಕರ್ತನು, ಮನುಷ್ಯ ಆತನ ಸ್ವರೂಪದಲ್ಲಿ ಉಂಟಾದವನು, ಇದು ನನ್ನ ವಿಶ್ವಾಸ. ಸಾಯುವ ತನಕ ಬಿಡಲ್ಲ. ಆದರೆ ಆದಿಕಾಂಡದ ಆರು ದಿನಗಳನ್ನು ಹೇಗೆ ಓದಬೇಕು ಅನ್ನೋದರಲ್ಲಿ ಬೈಬಲ್ ಪ್ರೀತಿಸುವವರೇ ಬೇರೆ ಬೇರೆ ಅಭಿಪ್ರಾಯ ಇಟ್ಟುಕೊಂಡಿದ್ದಾರೆ. ಡಾರ್ವಿನ್‌ನ ಆಪ್ತ ಗೆಳೆಯ, ಸಸ್ಯಶಾಸ್ತ್ರಜ್ಞ ಏಸಾ ಗ್ರೇ ಕೂಡ ಸಭೆಗೆ ಹೋಗುವ ಭಕ್ತರೇ. ಆದಾಮನ ವಿಷಯದಲ್ಲಿ ನನಗೂ ಇನ್ನೂ ಪ್ರಶ್ನೆಗಳಿವೆ. ಪ್ರಶ್ನೆ ಇದೆ ಅಂತ ಸಾಕ್ಷಿಯನ್ನು ಬಚ್ಚಿಡೋಕೆ ಆಗಲ್ಲ. ಜ್ಞಾನೋಕ್ತಿಗಳು 18:13 ಓದಿ: ಕೇಳಿಸಿಕೊಳ್ಳದೆ ಉತ್ತರ ಕೊಡುವವನಿಗೆ ಸಿಗೋದು ಅವಮಾನ. ನನಗೆ ಸಿಕ್ಕಿತು.

ಇದು ನಮ್ಮ ಸಭೆಯ ರೋಗ ಮಾತ್ರ ಅಂದ್ಕೋಬೇಡಿ. 2018ರಲ್ಲಿ ಕೇಂದ್ರದ ಮಂತ್ರಿಯೊಬ್ಬರು ಡಾರ್ವಿನ್ ಸಿದ್ಧಾಂತ ತಪ್ಪು, ಮಂಗ ಮನುಷ್ಯನಾಗಿದ್ದನ್ನು ನಮ್ಮ ಪೂರ್ವಿಕರು ಯಾರೂ ನೋಡಿಲ್ಲ ಅಂದ್ರು. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಒಟ್ಟಾಗಿ ಅದನ್ನು ಅಲ್ಲಗಳೆದವು. 2023ರಲ್ಲಿ ಎನ್‌ಸಿಇಆರ್‌ಟಿ ಹತ್ತನೇ ತರಗತಿಯ ಪುಸ್ತಕದಿಂದ ವಿಕಾಸದ ಪಾಠ ಕೈಬಿಟ್ಟಾಗ 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಸಹಿ ಹಾಕಿ ಆಕ್ಷೇಪಿಸಿದರು. ಆ ಮಂತ್ರಿಯ ಧರ್ಮ ಬೇರೆ, ನನ್ನದು ಬೇರೆ. ಇಬ್ಬರ ಪ್ರಶ್ನೆ ಮಾತ್ರ ಒಂದೇ: ಯಾರು ನೋಡಿದ್ದಾರೆ?

5. ಕ್ಯಾಸನೂರಿನ ಪಾಠ

"ಬ್ರದರ್, ಇದೆಲ್ಲ ವಾದ. ನಂಬಿದ್ರೆ ಏನು, ಬಿಟ್ರೆ ಏನು?" ಅಂತೀರಾ? ಬಂದಳಿಕೆಯಿಂದ ನನ್ನ ಊರಿನ ಕಡೆ ಬನ್ನಿ. ಸೊರಬ ತಾಲ್ಲೂಕಿನಲ್ಲಿ ಕ್ಯಾಸನೂರು ಅಂತ ಒಂದು ಕಾಡಿದೆ. ಹೆಸರು ಪ್ರಪಂಚದ ವೈದ್ಯರಿಗೆಲ್ಲ ಗೊತ್ತು, ಬೆಂಗಳೂರಿನ ನಮಗೆ ಗೊತ್ತಿಲ್ಲ. 1957ರಲ್ಲಿ ಆ ಕಾಡಲ್ಲಿ ಮಂಗಗಳು ಸಾಯತೊಡಗಿದವು. ಆಮೇಲೆ ಸೌದೆಗೆ, ಸೊಪ್ಪಿಗೆ ಹೋದ ಜನಕ್ಕೆ ಜ್ವರ, ತಲೆನೋವು, ಕೆಲವರಿಗೆ ರಕ್ತಸ್ರಾವ. ನನ್ನ ಅಜ್ಜಿ ಆಗ ಸಣ್ಣ ವಯಸ್ಸಿನವಳು. ಅವಳ ಅಣ್ಣ ಅದರಲ್ಲೇ ಹೋದ. "ಅಮ್ಮನ ಕೋಪ ಅಂದ್ರು, ಹರಕೆ ಹೊತ್ತೆವು, ಮತ್ತೆ ಅದೇ ಕಾಡಿಗೆ ಹೋದೆವು" ಅಂತ ಹೇಳ್ತಿದ್ದಳು.

ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದರು. ಹಳದಿ ಜ್ವರ ಭಾರತಕ್ಕೆ ಬಂತೇನೋ ಅನ್ನೋದು ಮೊದಲ ಅನುಮಾನ. ಆ ಊಹೆ ತಪ್ಪಾಗಿತ್ತು. ತಪ್ಪು ಅಂತ ಕಂಡುಹಿಡಿದವರೂ ಅವರೇ. ಸತ್ತ ಮಂಗಗಳ ದೇಹದಿಂದ ಹೊಸ ವೈರಸ್ ಬೇರ್ಪಡಿಸಿದರು. ಹರಡೋದು ಉಣುಗಿನಿಂದ ಅಂತ ಗುರುತಿಸಿದರು. ಅದೇ ಮಂಗನ ಕಾಯಿಲೆ, ಕೆಎಫ್‌ಡಿ. ಅವತ್ತಿನಿಂದ ಮಲೆನಾಡಿನಲ್ಲಿ ಒಂದು ಪಾಠ ಇದೆ: ಕಾಡಲ್ಲಿ ಮಂಗ ಸತ್ತು ಬಿದ್ದಿದ್ರೆ ಹತ್ತಿರ ಹೋಗಬೇಡಿ, ಆರೋಗ್ಯ ಇಲಾಖೆಗೆ ತಿಳಿಸಿ. ಮಂಗನನ್ನು ಕೊಲ್ಲೋ ಅದೇ ವೈರಸ್ ನಮ್ಮನ್ನೂ ಕೊಲ್ಲುತ್ತೆ. ಮಂಗನ ಸಾವು ನಮಗೆ ಎಚ್ಚರಿಕೆ.

ಆ ಎಚ್ಚರಿಕೆಗೆ ಬೆಲೆ ಕೊಡದಿದ್ರೆ ಏನಾಗುತ್ತೆ? ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ 2019ರ ಹೊತ್ತಿಗೆ ಎಷ್ಟೋ ಮನೆ ಸಾವು ಕಂಡಿತು. ವಿಜ್ಞಾನಿಗಳು ದೇವರಲ್ಲ. ಈ ಕಾಯಿಲೆಗೆ ವರ್ಷಾನುಗಟ್ಟಲೆ ಕೊಟ್ಟ ಲಸಿಕೆ ಸಾಕಷ್ಟು ಕೆಲಸ ಮಾಡ್ತಿಲ್ಲ ಅಂತ ಗೊತ್ತಾಗಿ ನಿಲ್ಲಿಸಿದರು, ಹೊಸದಕ್ಕೆ ಕೆಲಸ ನಡೀತಿದೆ. "ನೋಡಿ, ಅವರೇ ತಪ್ಪು ಒಪ್ಕೊಂಡ್ರು, ಹಾಗಾದ್ರೆ ಯಾವುದನ್ನೂ ನಂಬಬೇಡಿ" ಅನ್ನೋರು ಇದ್ದಾರೆ. ನಾನು ತಿರುಗಿಸಿ ಹೇಳ್ತೀನಿ: ತಪ್ಪನ್ನು ಒಪ್ಪಿಕೊಂಡು ತಿದ್ದಿಕೊಳ್ಳುವವರನ್ನು ನಂಬಬಹುದು. ನಾನು ಕ್ಯಾಂಪಲ್ಲಿ ಮಾಡಿದ್ದು ಅದಕ್ಕೆ ವಿರುದ್ಧ.

ಸಂಶಯದಲ್ಲಿ ಎರಡು ವಿಧ ಇದೆ. ತೋಮನ ಸಂಶಯ: ತೋರಿಸಿ, ನೋಡ್ತೀನಿ, ಕಂಡರೆ ಒಪ್ತೀನಿ. ಫರೋಹನ ಸಂಶಯ: ಒಂದಾದ ಮೇಲೆ ಒಂದು ಬಾಧೆ ಕಂಡರೂ ಹೃದಯ ಇನ್ನಷ್ಟು ಕಠಿಣ. ಯೇಸು ತೋಮನಿಗೆ ಗಾಯ ತೋರಿಸಿದನು, ಹೊರಗೆ ಹಾಕಲಿಲ್ಲ.

6. ಪಶ್ಚಿಮದ ಮೋಡ

ಲೂಕ 12:54ರಿಂದ ನೋಡಿ. ಪಶ್ಚಿಮದಲ್ಲಿ ಮೋಡ ಎದ್ದರೆ ಮಳೆ ಅಂತೀರಿ, ಹಾಗೇ ಆಗುತ್ತೆ. ಇಷ್ಟು ತಿಳಿದವರು ಈ ಕಾಲವನ್ನು ಯಾಕೆ ಗುರುತಿಸಲ್ಲ ಅಂತ ಯೇಸು ಕೇಳ್ತಾನೆ. ಆತ ಹೇಳಿದ್ದು ತನ್ನ ಬರೋಣದ ವಿಷಯ, ಹವಾಮಾನದ ಪಾಠ ಅಲ್ಲ. ಆದರೆ ಆಕಾಶ ಓದೋದನ್ನು ಆತ ತಪ್ಪು ಅನ್ನಲಿಲ್ಲ. ಮಲೆನಾಡಿನಲ್ಲೂ ಮಳೆ ಬರೋದು ಪಶ್ಚಿಮದಿಂದಲೇ. ನನ್ನ ಅಪ್ಪ ಮೋಡ ನೋಡಿ ಶುಂಠಿ ಹಾಕೋ ದಿನ ಹೇಳ್ತಿದ್ದರು. ಈಗ "ಲೆಕ್ಕ ತಪ್ತಾ ಇದೆ ಮಗ" ಅಂತಾರೆ.

ಕ್ಯಾಸನೂರಿನಲ್ಲಿ ಮಂಗ ಬಿದ್ದ ಮರುವರ್ಷ, 1958ರಲ್ಲಿ, ಹವಾಯಿ ದ್ವೀಪದ ಮೌನಾ ಲೋವಾ ಬೆಟ್ಟದ ಮೇಲೆ ಚಾರ್ಲ್ಸ್ ಕೀಲಿಂಗ್ ಎಂಬ ವಿಜ್ಞಾನಿ ಗಾಳಿಯಲ್ಲಿರೋ ಕಾರ್ಬನ್ ಡೈಆಕ್ಸೈಡ್ ಅಳೆಯೋಕೆ ಶುರು ಮಾಡಿದರು. ಆಗ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಸುಮಾರು 315 ಭಾಗ. ಈಗ 420 ದಾಟಿದೆ. ಕಾರ್ಖಾನೆಗಳ ಕಾಲಕ್ಕೆ ಮುಂಚೆ 280ರ ಆಸುಪಾಸು. ಅದು ಹೇಗೆ ಗೊತ್ತು? ಅಂಟಾರ್ಕ್ಟಿಕಾದ ಹಿಮದೊಳಗೆ ಸಿಕ್ಕಿಬಿದ್ದ ಹಳೆಯ ಗಾಳಿಯ ಗುಳ್ಳೆಗಳಿಂದ. ಅದೂ ಒಂದು ಶಾಸನವೇ.

"ಸೂರ್ಯನೇ ಜಾಸ್ತಿ ಕಾಯ್ತಿದ್ದಾನೆ ಬಿಡಿ" ಅಂತಾರೆ. ಸೂರ್ಯ ಕಾರಣ ಆಗಿದ್ರೆ ಮೇಲಿನ ವಾಯುಮಂಡಲವೂ ಬಿಸಿಯಾಗಬೇಕಿತ್ತು. ಅಳತೆಯಲ್ಲಿ ಕೆಳಗಿನ ಪದರ ಬಿಸಿಯಾಗ್ತಿದೆ, ಮೇಲಿನದು ತಣ್ಣಗಾಗ್ತಿದೆ. ಮನೆ ಮೇಲೆ ಕಂಬಳಿ ಹೊದಿಸಿದ ಹಾಗೆ: ಶಾಖ ಒಳಗೇ ಉಳಿಯುತ್ತೆ. ಕಲ್ಲಿದ್ದಲು, ಪೆಟ್ರೋಲಿನಿಂದ ಬರೋ ಇಂಗಾಲಕ್ಕೆ ತನ್ನದೇ ಗುರುತಿದೆ. ಗಾಳಿಯಲ್ಲಿ ಆ ಗುರುತು ಸಿಕ್ಕಿದೆ. 2021ರಲ್ಲಿ ವಿಶ್ವಸಂಸ್ಥೆಯ ಐಪಿಸಿಸಿ ವರದಿ, ಭೂಮಿ ಆಗಲೇ ಸುಮಾರು 1.1 ಡಿಗ್ರಿ ಬಿಸಿಯಾಗಿದೆ, ಇದರಲ್ಲಿ ಮನುಷ್ಯನ ಪಾತ್ರ ನಿಸ್ಸಂದೇಹ ಅಂತು. ಇದೇ ಐಪಿಸಿಸಿಯ ವಿಜ್ಞಾನ ವಿಭಾಗವನ್ನು ಮೊದಲು ನಡೆಸಿದ ಸರ್ ಜಾನ್ ಹೌಟನ್ ತಮ್ಮ ಊರಿನ ಸಭೆಯಲ್ಲಿ ಹಿರಿಯರಾಗಿದ್ದವರು. "ಇದೆಲ್ಲ ನಾಸ್ತಿಕರ ಸಂಚು" ಅನ್ನೋ ಮಾತು ಇಲ್ಲೂ ನಿಲ್ಲಲ್ಲ.

ಈಗ ನಮ್ಮವರ ಎರಡು ವಾದ. ಒಂದು, ಆದಿಕಾಂಡ 8:22: ಬಿತ್ತನೆ, ಕೊಯ್ಲು, ಚಳಿ, ಸೆಕೆ ನಿಲ್ಲಲ್ಲ ಅಂತ ದೇವರೇ ಮಾತು ಕೊಟ್ಟಿದ್ದಾನೆ, ಭಯ ಯಾಕೆ? ಪ್ರಿಯರೇ, ಆ ಮಾತು ನಿಜ. ಆದರೆ ಅದೇ ಆದಿಕಾಂಡದ 41ನೇ ಅಧ್ಯಾಯದಲ್ಲಿ ಏಳು ವರ್ಷ ಬರ ಬಂತಲ್ಲ! ಆ ಆಣೆ ಇದ್ದಾಗಲೂ ಜನ ಹಸಿದರು. ಉಳಿದದ್ದು ಹೇಗೆ? ಎಚ್ಚರಿಕೆ ಬಂದಾಗ ಯೋಸೇಫ ಲೆಕ್ಕ ಹಾಕಿದ, ಧಾನ್ಯ ಕೂಡಿಟ್ಟ. ಎರಡು, ಕರ್ತನು ಬೇಗ ಬರ್ತಾನೆ, ಭೂಮಿ ಹೇಗೂ ಸುಡುತ್ತೆ ಅನ್ನೋದು. ಬರ್ತಾನೆ, ಆಮೆನ್. ಆದರೆ ಹಾಗೆ ಹೇಳೋ ನಾವು ಇಪ್ಪತ್ತು ವರ್ಷದ ಹೋಮ್ ಲೋನ್ ತಗೊಳ್ತೀವಿ, ಮಕ್ಕಳ ಹೆಸರಲ್ಲಿ ಎಫ್‌ಡಿ ಇಡ್ತೀವಿ. ಯಜಮಾನ ಬರ್ತಾನೆ ಅಂತ ಗೊತ್ತಿರೋ ಆಳು ತೋಟ ಒಣಗೋಕೆ ಬಿಡಲ್ಲ. ಆದಿಕಾಂಡ 2:15ರಲ್ಲಿ ಮನುಷ್ಯನಿಗೆ ಸಿಕ್ಕ ಮೊದಲ ಕೆಲಸವೇ ತೋಟ ಮಾಡೋದು, ಕಾಯೋದು.

2023ರಲ್ಲಿ ನಮ್ಮ ರಾಜ್ಯದ 236 ತಾಲ್ಲೂಕುಗಳಲ್ಲಿ 223ರಲ್ಲಿ ಬರ ಘೋಷಣೆಯಾಯಿತು. 2024ರ ಮಾರ್ಚಿನಲ್ಲಿ ಇದೇ ಬೆಂಗಳೂರಲ್ಲಿ ನಾವು ಬಕೆಟ್ ಹಿಡಿದು ಟ್ಯಾಂಕರಿಗೆ ಕಾದೆವು. ಆ ಒಂದು ಬರಕ್ಕೆ ಹವಾಮಾನ ಬದಲಾವಣೆ ಒಂದೇ ಕಾರಣ ಅಂತ ನಾನು ಹೇಳಲ್ಲ. ಕೆರೆ ಮುಚ್ಚಿದವರು ನಾವೇ. ಒಂದು ಸುಳ್ಳು ಬಿಟ್ಟು ಇನ್ನೊಂದು ಅತಿಶಯೋಕ್ತಿ ಹಿಡಿಯೋದು ಬೇಡ. ಆದರೆ ಬಿಸಿಯಾಗ್ತಿರೋ ಭೂಮಿಯಲ್ಲಿ ಸೆಕೆ, ಬರ, ಒಂದೇ ಸಲ ಸುರಿಯೋ ಮಳೆ ಹೆಚ್ಚಾಗುತ್ತವೆ ಅನ್ನೋದು ಎಚ್ಚರಿಕೆ. ಮೊದಲು ಪೆಟ್ಟು ಬೀಳೋದು ಎಸಿ ಇರೋ ಮನೆಗಲ್ಲ, ಬಿಸಿಲಲ್ಲಿ ದುಡಿಯೋ ಮನೆಗೆ.

ನನ್ನ ಅಪ್ಪನ ಮಾತೂ ಹೇಳ್ಬೇಕು. 2011ರಲ್ಲಿ ಮಾಧವ ಗಾಡ್ಗೀಳ್ ಸಮಿತಿ, ಆಮೇಲೆ ಕಸ್ತೂರಿರಂಗನ್ ಸಮಿತಿ ಪಶ್ಚಿಮ ಘಟ್ಟ ಉಳಿಸೋ ವರದಿ ಕೊಟ್ಟವು. ಕೇರಳದ ಇಡುಕ್ಕಿಯಲ್ಲಿ ವಿರೋಧಿಸಿದವರ ಮುಂದೆ ಕ್ರೈಸ್ತ ಪಾದ್ರಿಗಳೂ ಇದ್ದರು. ನಮ್ಮ ರಾಜ್ಯ ಸರ್ಕಾರವೂ ಒಪ್ಪಲಿಲ್ಲ. ಅಪ್ಪ ಹೇಳಿದ್ದು: "ಎಲ್ಲ ಸುಳ್ಳು, ನಮ್ಮ ಜಮೀನು ಕಿತ್ಕೊಳ್ಳೋ ಆಟ." ಅಪ್ಪನ ಭಯ ಸುಳ್ಳಲ್ಲ. ಒಂದೂವರೆ ಎಕರೆ ಹೋದರೆ ಅವರಿಗೆ ಬೇರೆ ಏನೂ ಇಲ್ಲ. ಆದರೆ "ಇದರಿಂದ ನನಗೆ ನಷ್ಟ" ಅನ್ನೋದು ಬೇರೆ, "ಇದು ಸುಳ್ಳು" ಅನ್ನೋದು ಬೇರೆ. ಮೊದಲನೆಯದನ್ನು ಧೈರ್ಯವಾಗಿ ಹೇಳಿ, ಪರಿಹಾರ ಕೇಳಿ. ಅದಕ್ಕಾಗಿ ಎರಡನೆಯದನ್ನು ಹೇಳಬೇಡಿ. ನನ್ನ ವಿಷಯದಲ್ಲೂ ಅದೇ ಆಯ್ತು. ನನಗೆ ಜಮೀನು ಹೋಗೋ ಭಯ ಅಲ್ಲ, ಉತ್ತರ ಗೊತ್ತಿಲ್ಲದ ಪಾಸ್ಟರ್ ಅನ್ನಿಸ್ಕೊಳ್ಳೋ ಭಯ.

7. ಇವತ್ತು ನಾವು ಮಾಡೋ ತೀರ್ಮಾನ

ಮೊದಲು, ಕಳಿಸೋ ಮುಂಚೆ ನಿಲ್ಲಿಸಿ. "ವಿಜ್ಞಾನಿಗಳೇ ಬೆರಗಾದರು" ಅಂತ ಶುರುವಾಗೋ ಮೆಸೇಜು ಬಂದ್ರೆ, ಯಾರು, ಎಲ್ಲಿ, ಯಾವಾಗ ಅಂತ ಹುಡುಕಿ. ಸಿಗದಿದ್ರೆ ಅಲ್ಲೇ ಬಿಡಿ. ಬೆರೋಯದವರು ಪೌಲನ ಮಾತನ್ನೇ ಪರೀಕ್ಷಿಸಿದ್ರು (ಅ. ಕೃತ್ಯಗಳು 17:11). ವಾಟ್ಸಾಪ್ ಪೌಲನಿಗಿಂತ ದೊಡ್ಡದಲ್ಲ.

ಎರಡನೇದು, "ಗೊತ್ತಿಲ್ಲ" ಅನ್ನೋಕೆ ಕಲಿಯಿರಿ. ಅದು ಅವಿಶ್ವಾಸ ಅಲ್ಲ.

ಮೂರನೇದು, ವಿಜ್ಞಾನ ಓದೋ ತಮ್ಮ ತಂಗಿಯರನ್ನು ಅನುಮಾನದಿಂದ ನೋಡಬೇಡಿ. ಅವರು ಓದ್ತಿರೋದು ನಮ್ಮ ತಂದೆಯ ಕೈಕೆಲಸವನ್ನೇ.

ನಾಲ್ಕನೇದು, ಊರಿಗೆ ಫೋನ್ ಮಾಡಿದಾಗ ಮಳೆ ಹೇಗಿದೆ ಅಂತ ಕೇಳಿ, ಉತ್ತರ ಬಂದ ಮೇಲೂ ಕೇಳಿಸ್ಕೊಳ್ಳಿ. ಈ ತಿಂಗಳಿಂದ ನಮ್ಮ ಸಭೆಯ ಬೋರ್‌ವೆಲ್‌ಗೆ ಮಳೆನೀರು ಇಂಗಿಸೋ ಕೆಲಸ ಶುರು ಮಾಡ್ತಿದ್ದೀವಿ. ಕೂಟ ಮುಗಿದ ಮೇಲೆ ಹೆಸರು ಕೊಡಿ.

ಎರಡು ವಾರದ ಹಿಂದೆ ನಾನು ಆ ಸಿಸ್ಟರ್ ಮನೆಗೆ ಹೋದೆ. ಅವರ ಅಮ್ಮ ಕಾಫಿ ಕೊಟ್ಟರು. "ಅವತ್ತು ನಾನು ಹೇಳಿದ ಕಥೆಗಳು ಸುಳ್ಳು. ನೀನು ಕೇಳಿದ್ದು ಸರಿಯಾದ ಪ್ರಶ್ನೆ. ಎಲ್ಲರ ಮುಂದೆ ನಿನ್ನನ್ನು ನಗೆಪಾಟಲು ಮಾಡಿದೆ, ಎಲ್ಲರ ಮುಂದೆಯೇ ಕ್ಷಮೆ ಕೇಳ್ತೀನಿ" ಅಂದೆ. ಅವಳು ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಅಂದಳು: "ಬ್ರದರ್, ನಾನು ಪ್ರಾರ್ಥನೆ ಮಾಡೋದು ನಿಲ್ಲಿಸಿಲ್ಲ. ಅಲ್ಲಿಗೆ ಬರೋದು ಮಾತ್ರ ನಿಲ್ಲಿಸಿದೆ."

ಅವಳು ಇವತ್ತೂ ಬಂದಿಲ್ಲ. ಬರಲಿ ಅಂತ ಒತ್ತಾಯ ಮಾಡೋ ಹಕ್ಕು ನನಗಿಲ್ಲ. ಆದರೆ ಮಾತು ಕೊಟ್ಟಿದ್ದೆ. ಸಿಸ್ಟರ್, ನೀನು ಇದನ್ನು ಓದ್ತಿದ್ರೆ, ಇವರೆಲ್ಲರ ಮುಂದೆ ಹೇಳ್ತಿದ್ದೀನಿ: ತಪ್ಪು ನನ್ನದು. ನನ್ನನ್ನು ಕ್ಷಮಿಸು. ಯೋಬ ತನ್ನ ಗೆಳೆಯರಿಗಾಗಿ ಪ್ರಾರ್ಥಿಸಿದ ಹಾಗೆ ನನಗಾಗಿ ಪ್ರಾರ್ಥಿಸು.

ಎಲ್ಲರೂ ಎದ್ದು ನಿಲ್ಲಿ, ಪ್ರಾರ್ಥನೆ ಮಾಡೋಣ.

ಸತ್ಯಸ್ವರೂಪನಾದ ತಂದೆಯೇ, ನಿನ್ನನ್ನು ಕಾಪಾಡೋಕೆ ನಮ್ಮ ಸುಳ್ಳು ನಿನಗೆ ಬೇಕಿಲ್ಲ. ನಿನ್ನ ಹೆಸರಲ್ಲಿ ನಾವು ಹೇಳಿದ ಸುಳ್ಳುಗಳನ್ನು ಕ್ಷಮಿಸು. ಪ್ರಶ್ನೆ ಕೇಳಿದ್ದಕ್ಕೆ ನಾವು ದೂರ ತಳ್ಳಿದವರನ್ನು ನೀನೇ ಹತ್ತಿರ ಇಟ್ಟುಕೋ. ಮಳೆಗಾಗಿ ಕಾಯುವ ನಮ್ಮ ಊರುಗಳನ್ನು ನೆನಸು. ನಿನ್ನ ಕೈಕೆಲಸವನ್ನು ಭಯವಿಲ್ಲದೆ ನೋಡೋ ಕಣ್ಣು, ಕಂಡದ್ದನ್ನು ಕಂಡ ಹಾಗೆ ಹೇಳೋ ನಾಲಿಗೆ ಕೊಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ಆಮೆನ್.

ಸೆಲ್ ಗ್ರೂಪಿನಲ್ಲಿ ಚರ್ಚಿಸಲು

1. ಯೋಬನ ಗೆಳೆಯರ ಯಾವ ಮಾತುಗಳು ಕೇಳೋಕೆ ಸರಿ ಅನ್ನಿಸುತ್ತವೆ? ಆದರೂ ದೇವರು ಯಾಕೆ ಕೋಪಗೊಂಡನು?
2. ನೀವು ಪರೀಕ್ಷಿಸದೆ ಬೇರೆಯವರಿಗೆ ಕಳಿಸಿದ ಒಂದು ಸಂದೇಶ ನೆನಪಿಸಿಕೊಳ್ಳಿ. ಅದನ್ನು ಈಗ ಸರಿಪಡಿಸಬಹುದಾ?
3. ನಿಮ್ಮ ಸಂಶಯ ತೋಮನದ್ದಾ, ಫರೋಹನದ್ದಾ? ಯಾವ ವಿಷಯದಲ್ಲಿ?
4. ಪ್ರಶ್ನೆ ಕೇಳಿ ಸಭೆಯಿಂದ ದೂರವಾದವರು ನಿಮಗೆ ಗೊತ್ತಿದ್ದಾರಾ? ಈ ವಾರ ಅವರನ್ನು ಭೇಟಿಯಾಗಿ, ಬರೀ ಕೇಳಿಸಿಕೊಂಡು ಬನ್ನಿ.